ಕರಿ ಕುರಿ ಮೇದ ಬೆಳ್ಳಿ

ಆ ಮುಂಜಾನೆ ಐಗಳಿಯ ಹೊಲಗಳ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಕುರಿಗಾಹಿ ಮಾಳಸಿದ್ದನಿಗೆ ಕೈಯಲ್ಲಿನ ಕೋಲು ಕಾಣುತ್ತಿತ್ತು, ಕುರಿ ಕಾಣುತ್ತಿರಲಿಲ್ಲ. ಹಿಕ್ಕೆಯ ಗೊಬ್ಬರಕ್ಕೆಂದು ರಾತ್ರಿ ಅಣ್ಣಾಸಾಬರ ಹೊಲದಲ್ಲಿ ಕೂರಿಸಿದ್ದ ಹಿಂಡನ್ನು ಎಬ್ಬಿಸುವಾಗ ಕರಿ ಕುರಿಯೊಂದು ತಪ್ಪಿಸಿಕೊಂಡಿತು. ಅದು ಸಿಕ್ಕಿದ್ದು ಅವರ ಮನೆಯ ಹಿತ್ತಲಲ್ಲಿ, ಹನ್ನೆರಡು ಬೋಳು ಕುಂಡಗಳ ನಡುವೆ, ಇನ್ನೂ ಬಾಯಾಡಿಸುತ್ತ.

ಅಣ್ಣಾಸಾಬರ ಮಗಳು ಉಜ್ವಲಾ ಕಿರುಚಿಯೇ ಬಿಟ್ಟಳು. "ಕಾಕಾ, ಎಲ್ಲಾ ತಿಂತಲ್ರಿ! ನಾಳೆ ಕಾಲೇಜಿಗೆ ಒಯ್ಯೂದಿತ್ತು!"

"ಕುದುರಿ ಮೆಂತೆ ಅಲ್ಲೇನ ಯವ್ವಾ? ಒಂದು ಹೊರಿ ಮೇವು ತಂದ ಕೊಡ್ತೇನಿ, ಅಳಬ್ಯಾಡ್ರಿ."

"ಬರೇ ಮೇವಲ್ರಿ ಅದು. ಬೆಳ್ಳಿ ಉಂಡ ಗಿಡ!"

ಉಜ್ವಲಾ ಎಂ.ಎಸ್ಸಿ. ಕಡೆಯ ವರ್ಷದವಳು. ಬೆಳ್ಳಿಯ ಲವಣ ಕರಗಿಸಿದ ನೀರನ್ನು ಜೀವಂತ ಗಿಡ ಹೀರಿ, ತನ್ನೊಳಗೇ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು ಕಟ್ಟುತ್ತದೆ. ಆ ಕಣಗಳನ್ನು ತೋರಿಸಿದರಷ್ಟೇ ಅವಳ ಓದು ಮುಗಿಯುವುದು. ಮೂರು ತಿಂಗಳ ಆ ಕೆಲಸ ಈಗ ಕುರಿಯ ಹೊಟ್ಟೆಯಲ್ಲಿತ್ತು.

ಮಾಳಸಿದ್ದನ ಕೈಯ ಕೋಲು ಜಾರಿ ಬಿತ್ತು. "ಬೆಳ್ಳಿ? ಹುಲ್ಲಿನಾಗ?"

"ಹೌದ್ರಿ. ಅದರ ಹಾಲ ಯಾರೂ ಕುಡೀಬ್ಯಾಡ್ರಿ. ಮರಿಗೂ ಬಿಡಬ್ಯಾಡ್ರಿ."

"ಕುರಿ ಸಾಯ್ತೈತೇನ್ರಿ?"

"ಗೊತ್ತಿಲ್ಲ ಕಾಕಾ." ಅವಳ ದನಿ ಇಳಿದುಹೋಯಿತು.

ಕಟ್ಟೆಯ ಮೇಲಿಂದ ಅಣ್ಣಾಸಾಬರು ನಕ್ಕರು. "ಲೇ ಮಾಳಸಿದ್ದ, ಇನ್ನ ಅದನ್ನ ಸಂತಿಗೆ ಹೊಡೀಬ್ಯಾಡ, ಅಕ್ಕಸಾಲಿಗ್ಯಾನ ಅಂಗಡಿಗೆ ಹೊಡಿ!"

ಮಾಳಸಿದ್ದ ಸೊಂಟದ ಚೀಲದಿಂದ ಚಿಟಿಕೆ ಭಂಡಾರ, ದೇವರ ಅರಿಶಿನ, ತೆಗೆದು ಕುರಿಯ ಹಣೆಗೆ ಹಚ್ಚಿದ. ಕುಲದೇವರು ಮಾಳಿಂಗರಾಯನನ್ನು ನೆನೆದು, ಅದರ ಕೊರಳಿಗೆ ಹಗ್ಗ ಹಾಕಿ, ಮಂಜಿನೊಳಗೆ ನಡೆದುಹೋದ.

ನಾಲ್ಕನೆಯ ದಿನ ಬಿಸಿಲೇರುವ ಹೊತ್ತಿಗೆ ಅವನೊಬ್ಬನೇ ಬಂದ. ಹಿಂಡು ಆಗಲೇ ಕಾಗವಾಡದ ದಾರಿ ಹಿಡಿದಿತ್ತು. ಉಜ್ವಲಾ ಅವನ ಬೆನ್ನ ಹಿಂದೆ ನೋಡಿ ಗಾಬರಿಯಾದಳು.

"ಕುರಿ ಎಲ್ಲಿ ಕಾಕಾ?"

"ಮೇಯಾಕತ್ತೈತ್ರಿ. ದೇವರು ಕಾಯ್ದಾನ."

ಅವನು ಕಂಬಳಿಯ ಮಡಿಕೆಯಿಂದ ಮೂರು ಬಟ್ಟೆಯ ಗಂಟುಗಳನ್ನು ತೆಗೆದು ಹೊಸ್ತಿಲ ಮೇಲಿಟ್ಟ. ಉಜ್ವಲಾ ಒಂದನ್ನು ಬಿಚ್ಚಿದಳು. ಒಳಗೆ ಕುರಿ ಹಿಕ್ಕೆ. ಒಂದು ಕಸಕಡ್ಡಿಯಿಲ್ಲ, ಮಣ್ಣಿಲ್ಲ.

"ಯಾರ ಹೊಲದಾಗ ಮೇಯ್ತೈತಿ, ಅವರ ಹೊಲಕ್ಕ ಹಿಕ್ಕಿ ಬೀಳಬೇಕ್ರಿ. ಇದು ನಮ್ಮ ಹಿರ್ಯಾರ ಮಾತು. ಮೂರು ದಿನ ಕುರೀನ ಬ್ಯಾರೆ ಕಟ್ಟಿ, ಕೆಳಗ ಕಂಬಳಿ ಹಾಸಿ ಆರಿಸೇನಿ. ಒಂದ ದಿನದ್ದು ಒಂದ ಗಂಟು. ಕಲಸಿಲ್ಲ."

ಉಜ್ವಲಾ ಬಿಚ್ಚಿದ ಗಂಟನ್ನು ಬೆಳಕಿಗೆ ಹಿಡಿದು ನೋಡಿದಳು. ಗುರುಗಳು ವರ್ಷವಿಡೀ ಬೈದರೂ ಅವಳ ತರಗತಿಯಲ್ಲಿ ಯಾರೊಬ್ಬರೂ ಇಷ್ಟು ಚೊಕ್ಕಟವಾಗಿ ಮಾದರಿ ತಂದಿರಲಿಲ್ಲ.

ಮಾಳಸಿದ್ದ ಉಳಿದೆರಡು ಗಂಟುಗಳನ್ನೂ ಮೆಲ್ಲಗೆ ಅವಳ ಕಡೆ ಸರಿಸಿ, ಎರಡೂ ಕೈ ಝಾಡಿಸಿ ತೋರಿಸಿದ.

"ನಿಮ್ಮ ಬೆಳ್ಳಿ ತಗೊಳ್ರಿ ಯವ್ವಾ. ಒಂದ ಹಿಕ್ಕಿನೂ ನನ್ನ ಕಡೆ ಉಳಿದಿಲ್ಲ."