ಹಾರದ ಗುಂಡು

ಠಾಣೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ದಫೇದಾರ ಧರ್ಮಣ್ಣ ಎಣ್ಣೆ ಗಿರಣಿಯ ಸಾಹುಕಾರ ಶಾಂತಲಿಂಗಪ್ಪನ ರಿವಾಲ್ವರಿಗೆ ಅರ ಹಚ್ಚಿದ. ಟ್ರಿಗರ್ ಒತ್ತಿದೊಡನೆ ಹಿಂದಿನಿಂದ ಬಂದು ಗುಂಡಿನ ಬೆನ್ನಿಗೆ ಬಡಿಯುವ ಪಿನ್ನು, ಜೋಳದ ಕಾಳಿಗಿಂತ ಸಣ್ಣದು. ಅದರ ತುದಿಯಷ್ಟು ತಿಕ್ಕಿದರೆ ಸಾಕು, ರಿವಾಲ್ವರ್ ಬರೀ ಟಕ್ ಎನ್ನುತ್ತದೆ, ಗುಂಡು ಹಾರುವುದಿಲ್ಲ. ಮೂವತ್ತು ವರ್ಷ ಠಾಣೆಯ ಬಂದೂಕುಗಳಿಗೆ ಎಣ್ಣೆ ಹಾಕಿ, ಕೆಟ್ಟದ್ದನ್ನು ನೆಟ್ಟಗೆ ಮಾಡಿಕೊಂಡು ಬಂದವನು ನೆಟ್ಟಗಿದ್ದದ್ದನ್ನು ಕೆಡಿಸಿದ್ದು ಅದೇ ಮೊದಲು. ಅರ ಜಾರಿ ಹೆಬ್ಬೆರಳಿನ ಚರ್ಮ ಕಿತ್ತಿತು. ನಿವೃತ್ತಿಗೆ ಒಂಬತ್ತು ತಿಂಗಳು ಉಳಿದಿತ್ತು. ಗೊತ್ತಾದರೆ ನೌಕರಿಯೂ ಇಲ್ಲ, ಪಿಂಚಣಿಯೂ ಇಲ್ಲ.

ಹಿಂದಿನ ದಿನ ಮಧ್ಯಾಹ್ನ ಶಾಂತಲಿಂಗಪ್ಪನ ಹೆಂಡತಿ ಶಿವಕಾಂತಾ ಒಬ್ಬಳೇ ಠಾಣೆಗೆ ಬಂದಿದ್ದಳು. ಎಣ್ಣೆ ಗಿರಣಿಯ ಸಾಹುಕಾರರ ಮನೆಯ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಎಂಬತ್ತೊಂಬತ್ತರ ಚುನಾವಣೆಗೆಂದು ಲೈಸೆನ್ಸ್ ಇದ್ದವರೆಲ್ಲ ತಮ್ಮ ತಮ್ಮ ಬಂದೂಕು ತಂದು ಠಾಣೆಗೆ ಒಪ್ಪಿಸಿದ್ದರು. ಮತ ಎಣಿಕೆ ಮುಗಿದು ಈಗ ಒಬ್ಬೊಬ್ಬರೇ ವಾಪಸ್ ಒಯ್ಯುತ್ತಿದ್ದರು.

"ನಮ್ಮ ಮನಿಯವ್ರಿಗಿ ಅದು ಕೊಡಬ್ಯಾಡ್ರಿ ಕಾಕಾ," ಎಂದಳು. "ಉಣ್ಣಾಕ ಕುಂತಾಗ ತಾಟಿನ ಬಾಜೂಕ ಇಟ್ಕೋತಾರ. ಪಲ್ಯಾದಾಗ ಉಪ್ಪು ಹೆಚ್ಚಾದ್ರ ಹಣಿಗಿ ಹಚ್ಚತಾರ. ಇದೊಂದೂವರಿ ತಿಂಗಳು ಅದು ಇಲ್ಲಿತ್ತು, ನಾ ನಿದ್ದಿ ಮಾಡೇನಿ."

"ಒಂದು ಅರ್ಜಿ ಬರದು ಕೊಡ್ರಿ ತಾಯಿ. ನಾ ತಡದು ಇಡ್ತೇನಿ."

"ಬರದು ಕೊಟ್ಟು ಮನಿಗಿ ಹ್ಯಾಂಗ ಹೋಗ್ಲಿ? ತವರೂರು ಸರಸಂಬಾದಾಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಇರಾವ ಒಬ್ಬ ಅಣ್ಣ, ಅವನೂ ಇವ್ರ ಗಿರಣ್ಯಾಗೇ ದುಡಿತಾನ."

ಅರ್ಜಿ ಇಲ್ಲದೆ ತಡೆಯಲು ಕಾಯಿದೆ ಇರಲಿಲ್ಲ. ಠಾಣೆಯ ಮೇಲಧಿಕಾರಿ ಫೌಜದಾರ ಸಾಹೇಬರ ಕಿವಿಗೆ ಹಾಕೋಣವೆಂದರೆ ಅವರು ಸಾಹುಕಾರರ ಜೀಪಿನಲ್ಲಿ ಓಡಾಡುವವರು. ಅವಳು ಹೋದ ಮೇಲೆ ಧರ್ಮಣ್ಣ ತಾನೇ ಬರೆಯೋಣವೆಂದು ಕಾಗದದ ಮುಂದೆ ಕೂತ, ಎದ್ದ, ಮತ್ತೆ ಕೂತ. ಅವಳ ಹಣೆಯ ವಿಭೂತಿಯ ಅಡಿಯಲ್ಲಿ ಕಂಡ ದುಂಡನೆಯ ಕಪ್ಪು ಗುರುತು ಕಣ್ಣಿಂದ ಸರಿಯಲಿಲ್ಲ. ರಿವಾಲ್ವರಿನ ಬಾಯಿ ಎಷ್ಟು ದಪ್ಪ ಇರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಠಾಣೆಯಲ್ಲಿ ಇರಲಿಲ್ಲ.

ಅರ ಹಚ್ಚಿದ ಮರುದಿನವೇ ಶಾಂತಲಿಂಗಪ್ಪ ಬಂದ. ಸಹಿ ಹಾಕಿ, ರಿವಾಲ್ವರನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ.

"ನೋಡು ದಫೇದಾರ, ಹಿಡಿಯಿಂದ ಹಿಡಿದು ತುದಿ ತನ ಗಟ್ಟಿ ಉಕ್ಕು. ನಿಮ್ಮ ಸಾಹೇಬ್ರ ಸೊಂಟದಾಗೂ ಇಂಥಾದ್ದಿಲ್ಲ. ಎಣ್ಣಿ ಹಾಕೀಯೇನು?"

"ಹಾಕೇನ್ರಿ," ಎಂದ ಧರ್ಮಣ್ಣ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು.

ಹದಿನೇಳನೆಯ ದಿನ ಬೆಳಿಗ್ಗೆ ಶಿವಕಾಂತಾ ಮತ್ತೆ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸೆರಗಿನಲ್ಲಿ ಸುತ್ತಿ ತಂದ ರಿವಾಲ್ವರನ್ನು ಫೌಜದಾರ ಸಾಹೇಬರ ಮೇಜಿನ ಮೇಲಿಟ್ಟಳು.

"ನಮ್ಮ ಮನಿಯವ್ರು ನನ್ನ ಎದಿಗಿ ಇಟ್ಟು ಎರಡು ಸಲ ಒತ್ತಿದ್ರು, ಹಾರಲಿಲ್ರಿ. ಇದನ್ನ ಅಲ್ಲೇ ಒಗದು, ಕಟಗಿ ಕಡಿಯೂ ಕೊಡ್ಲಿ ತರಾಕ ಹಿತ್ತಲಕ ಹೋದ್ರು. ನಾ ಇದು ತಗೊಂಡು ಓಡಿ ಬಂದೇನಿ. ಈಗ ಅರ್ಜಿ ಬರಕೋರಿ."

ಅವಳ ಬೆನ್ನಿಗೇ ಜೀಪು ಬಂತು. ಶಾಂತಲಿಂಗಪ್ಪ ತಾನೇ ಕುರ್ಚಿ ಎಳೆದುಕೊಂಡು ಕೂತ. ಸಾಹೇಬರು ಆರೂ ಗುಂಡು ಹೊರಗೆ ತೆಗೆದು, ಟ್ರಿಗರ್ ಒತ್ತಿ ನೋಡಿ, "ಇದರ ಪಿನ್ನೇ ಸವದದಲ್ರಿ," ಎಂದರು.

"ಅದು ಕೆಟ್ಟು ವರ್ಷಾತು," ಎಂದ ಶಾಂತಲಿಂಗಪ್ಪ, ಕಣ್ಣು ಕೂಡ ಮಿಟುಕಿಸದೆ. "ಹಾರೂದಿಲ್ಲಂತ ಗೊತ್ತಿದ್ದೇ ಹಿಡದಿದ್ದೆ. ಸುಮ್ಮ ಅಂಜಸಾಕ."

ಸಾಹೇಬರ ಮುಖ ಹಗುರಾಯಿತು. "ಹಾರಲಾರದ ಬಂದೂಕಿನಿಂದ ಯಾರು ಯಾರನ್ನ ಕೊಲ್ತಾರ? ಇದು ಗಂಡ ಹೆಂಡ್ತಿ ಜಗಳ. ಜೀಪಿನ್ಯಾಗ ಕೂಡ್ರಿ ಅಕ್ಕಾರ, ಮನಿಗಿ ಹೋಗ್ರಿ."

ಶಿವಕಾಂತಾ ಧರ್ಮಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಮಾಡಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ವೇಳೆ ಅವಳು ನೋಡಿದ್ದರೆ ಅವನು ತಲೆ ತಗ್ಗಿಸಿ ನಿಂತುಬಿಡುತ್ತಿದ್ದನೋ ಏನೋ. ಸುಮ್ಮನಿದ್ದರೆ ಒಂಬತ್ತು ತಿಂಗಳು ಹೇಗೋ ಕಳೆಯುತ್ತಿತ್ತು. ಜೀಪು ಗಿರಣಿ ದಾಟಿ ಮನೆ ಮುಟ್ಟುತ್ತಿತ್ತು. ಹಿತ್ತಲ ಕೊಡಲಿಗೆ ಪಿನ್ನು ಇರಲಿಲ್ಲ.

"ಸಾಹೇಬ್ರ," ಎಂದ. ತನ್ನ ದನಿ ತನಗೇ ದೂರದಿಂದ ಬಂದಂತೆ ಕೇಳಿತು. "ಅದು ಕೆಟ್ಟಿದ್ದಿಲ್ರಿ. ವಾಪಸ್ ಕೊಡೂ ಹಿಂದಿನ ದಿನ ಈ ಠಾಣ್ಯಾಗೇ ಕುಂತು ನಾ ಅರ ಹಾಕಿ ತಿಕ್ಕೇನಿ. ಸಾಹುಕಾರ್ರಿಗಿ ಅದು ಗೊತ್ತಿದ್ದಿಲ್ಲ."

ಶಾಂತಲಿಂಗಪ್ಪ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಹರಾಮಖೋರ, ಅದಕ್ಕೇ ಹಾರಲಿಲ್ಲೇನಲೇ? ಹೊಸಾ ಗುಂಡು ಹಾಕಿದ್ದೆ," ಎಂದವನೇ, ಅಂದದ್ದು ತನ್ನ ಕಿವಿಗೇ ಬಿದ್ದು ಬಾಯಿ ಮುಚ್ಚಿದ.

ಸಾಹೇಬರು ಎರಡು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟುಕೊಂಡರು. ಮೊದಲನೆಯದರ ಮೇಲೆ ಧರ್ಮಣ್ಣನ ಹೆಸರು, ಅವನ ನಂಬರು, ಸೇವೆಗೆ ಸೇರಿದ ತಾರೀಖು ಬರೆದರು. ಕಿಟಕಿಯಿಂದ ಬಂದ ಚಳಿಗಾಳಿಗೆ ಎರಡನೆಯದು ಮೇಜಿನ ಅಂಚಿಗೆ ಸರಿಯಿತು. ಶಿವಕಾಂತಾ ಮುಂದೆ ಬಂದು, ತನ್ನ ಅರ್ಜಿ ಬರೆಯಬೇಕಾದ, ಇನ್ನೂ ಒಂದಕ್ಷರವೂ ಇಲ್ಲದ ಆ ಹಾಳೆಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು ನಿಂತಳು.