ಮಂಚದ ಕೆಳಗಿನ ಮಣ್ಣು

ಆಲ್ದೊ ತನ್ನದೇ ಮನೆಗೆ ಕಳ್ಳನಂತೆ ಹಿಂಬಾಗಿಲಿನಿಂದ ನುಗ್ಗಿದ. ಕೋಣೆಯಲ್ಲಿ ಹೆಂಡತಿ ಇಲಾರಿಯಾ ಹೆರಿಗೆನೋವಿನಲ್ಲಿ ನರಳುತ್ತಿದ್ದಳು. ಕಿಟಕಿಯ ಕೆಳಗೆ ಸಿಯೆನಾದ ದೊಡ್ಡ ಚೌಕ ಗಿಜಿಗುಡುತ್ತಿತ್ತು. ಕುದುರೆಗಳು ಇನ್ನೇನು ಓಡಬೇಕು.

ಓಟದ ದಿನಗಳಲ್ಲಿ ಅವನು ಇಲ್ಲಿಗೆ ಕಾಲಿಡುವಂತಿರಲಿಲ್ಲ. ಓಟದಲ್ಲಿ ಸೆಣಸುವ ಇಲ್ಲಿನ ಕೇರಿಗಳಿಗೆ ಹೆಚ್ಚಾಗಿ ಪ್ರಾಣಿಗಳದೇ ಹೆಸರು, ಬಾವುಟ. ಅವನದು ಬಸವನಹುಳುವಿನ ಕೇರಿ, ಅವಳದು ಆಮೆಯ ಕೇರಿ. ಹಾವು ಮುಂಗುಸಿ ಸಂಬಂಧ. ಓಟಕ್ಕೆಂದು ಚೌಕಕ್ಕೆ ಹಳದಿ ಮಣ್ಣು ಹಾಸಿದರೆಂದರೆ ಇಂಥ ಗಂಡ ಹೆಂಡಿರು ಬೇರೆ ಬೇರೆ, ಓಟ ಮುಗಿಯುವತನಕ ಮಾತಿಲ್ಲ ಕತೆಯಿಲ್ಲ. ಚೌಕ ಯಾವ ಕೇರಿಗೂ ಸೇರಿದ್ದಲ್ಲ ಎಂಬ ಒಂದೇ ಕಾರಣಕ್ಕೆ ಇಬ್ಬರೂ ಇಲ್ಲಿ ಸಂಸಾರ ಹೂಡಿದ್ದರು.

ಆದರೆ ಮಗು? ಯಾವ ಕೇರಿಯ ಮಣ್ಣಿನ ಮೇಲೆ ಹುಟ್ಟುತ್ತದೋ ಸಾಯುವತನಕ ಅದು ಆ ಕೇರಿಯದು. ಬೇರೆಡೆ ಹೆರುವವರು ಮಂಚದ ಕೆಳಗೆ ತಮ್ಮ ಕೇರಿಯ ಹಿಡಿ ಮಣ್ಣಿಟ್ಟರೂ ಸಾಕು. ಸ್ವಂತ ಮಗು ಆಮೆಯ ಬಾವುಟ ಹಿಡಿದು ತನ್ನನ್ನೇ ಅಣಕಿಸುವುದನ್ನು ನೆನೆದರೆ ಆಲ್ದೊಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆಂದೇ ಅವನ ಅಪ್ಪ ಸಾಯುವ ಮುಂಚೆ ಬಸವನಹುಳುವಿನ ಕೇರಿಯ ಮಣ್ಣು ತುಂಬಿ ಕುಂಡವೊಂದನ್ನು ಕೊಟ್ಟುಹೋಗಿದ್ದ. ಬಾಲ್ಕನಿಯಲ್ಲಿ ಸದಾ ಸೊರಗಿಕೊಂಡೇ ಇದ್ದ ಅದರ ಕಾಮಕಸ್ತೂರಿ ಗಿಡ ಈ ಬೇಸಿಗೆಯಲ್ಲಿ ಏಕೋ ಸೊಂಪಾಗಿ ಚಿಗುರಿತ್ತು. ಒಳ್ಳೆಯ ಶಕುನ ಎಂದುಕೊಂಡಿದ್ದ.

ಅತ್ತೆ ಜೆಮ್ಮಾ ಕೋಣೆಯ ಬಾಗಿಲಲ್ಲೇ ಕಾವಲಿದ್ದಳು. "ಬಸವನಹುಳು ಇವತ್ತಾದ್ರೂ ಬೇಗ ಬಂತಲ್ಲಪ್ಪ."

"ನಿಮ್ಮ ಆಮೆ ಹೊರಟಿತಾ ಅಂತ ಹೋಗಿ ನೋಡಿ ಅತ್ತೆ."

ಕೆಳಗೆ ಓಟದ ಗುಂಡು ಹಾರಿತು. ಅತ್ತೆ ಕಿಟಕಿಗೆ ಓಡಿದಳು, ಸೂಲಗಿತ್ತಿಯೂ ಕತ್ತು ಚಾಚಿದಳು. ಆಲ್ದೊ ಮಂಚದಡಿ ತೂರಿದ. ಅಂದುಕೊಂಡಂತೆಯೇ ಅಲ್ಲೊಂದು ಮಣ್ಣಿನ ಚೀಲ.

"ಅದನ್ನ ಮುಟ್ಟಬೇಡ ಆಲ್ದೊ, ಅದು..." ಇಲಾರಿಯಾಳ ಮಾತನ್ನು ನೋವು ನುಂಗಿತು.

"ಯಾವ ಮಣ್ಣು ಅಂತ ಗೊತ್ತಿದೆ ಬಿಡು."

ಚೀಲವನ್ನು ಬಾಲ್ಕನಿಯಿಂದ ಚೌಕಕ್ಕೆ ಸುರಿದ. ಕೆಳಗಿನವರ ಬೈಗುಳಕ್ಕೆ ಕಿವಿಗೊಡದೆ, ಗಿಡದ ಸಮೇತ ಕುಂಡವನ್ನೇ ತಂದು ಮಂಚದಡಿ ತಳ್ಳಿದ. ಕುದುರೆಗಳು ಗುರಿ ಮುಟ್ಟುವ ಹೊತ್ತಿಗೆ ಮಗು ಅತ್ತಿತು. ಹೆಣ್ಣು.

"ನಮ್ಮ ಪುಟ್ಟ ಬಸವನಹುಳು," ಎಂದು ಆಲ್ದೊ ಕಣ್ಣೊರೆಸಿಕೊಂಡ.

ಇಲಾರಿಯಾ ಅಳಬೇಕೋ ನಗಬೇಕೋ ತಿಳಿಯದೆ ಅವನನ್ನೇ ನೋಡಿದಳು. "ಅಮ್ಮನಿಗೆ ಗೊತ್ತಾಗದ ಹಾಗೆ ನಿಮ್ಮಪ್ಪ ಕೊಟ್ಟ ಮಣ್ಣನ್ನ ಆ ಚೀಲಕ್ಕೆ ತುಂಬಿಟ್ಟಿದ್ದೆ ಕಣೋ, ನಿನಗೋಸ್ಕರ. ಗಿಡ ಒಣಗಬಾರದು ಅಂತ ಕುಂಡಕ್ಕೆ ಹಾಕಿದ್ದು ಆಮೆ ಕೇರಿಯ ಮಣ್ಣು, ಅಮ್ಮನ ಅಂಗಳದ್ದು."