ಕೂದಲೆಳೆಯಷ್ಟು ಸೊಟ್ಟ

ಮನೆತನಗಳ ಭವಿಷ್ಯವನ್ನೇ ಬದಲಿಸಿದ ಮಹಾ ಘಟನೆಗಳ ಸಾಲಿಗೆ ಇದನ್ನೂ ಸೇರಿಸಲೇಬೇಕು: ಅಂದು ಬೆಳಿಗ್ಗೆ ಊಟದ ಮೇಜಿನ ಮೇಲೆ ಹಿರಿಸೊಸೆಯ ತಗಡಿನ ಡಬ್ಬಿ ಬಾಯಿ ತೆರೆದುಕೊಂಡಿತ್ತು, ಪಕ್ಕದಲ್ಲಿ ಒಂದು ಕಟಿಂಗ್ ಪ್ಲೇಯರ್ ಬಿದ್ದಿತ್ತು. ಕಿರಿಸೊಸೆ ಡಬ್ಬಿಯಿಂದ ಸರಕ್ಕನೆ ಕೈ ತೆಗೆದು ಮುಚ್ಚಳ ಹಾಕಿದಳು.

"ಕಾಫಿ ತರ್ಲಾ ಅಕ್ಕ?"

ಈ ಮನೆಗೆ ಬಂದಂದಿನಿಂದ ಹೀಗೆ ಕೇಳಿದವಳಲ್ಲ. ಹಿರಿಯವಳ ಎದೆಯೊಳಗೆ ಇಲಿ ಓಡಾಡಿತು. ಹೊರಗೆ ಅವಳ ಗಂಡ ಹೊತ್ತಾಯಿತೆಂದು ಕಾರಿನ ಹಾರ್ನ್ ಹೊಡೆಯುತ್ತಿದ್ದ.

ಡಬ್ಬಿಯಲ್ಲಿದ್ದದ್ದು ಮೂನ್‌ಕ್ಲಿಪ್‌ಗಳು. ಪಿಸ್ತೂಲಿನ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚಿಲ್ಲ. ಅದನ್ನು ರಿವಾಲ್ವರಿಗೆ ಹಾಗೇ ಹಾಕಿದರೆ ಹಿಡಿದು ನಿಲ್ಲಿಸಲು ಏನೂ ಇರದೆ ಒಳಗೆ ಜಾರುತ್ತದೆ; ಸಿಡಿದರೂ ಹೊರಗೆ ಬಾ ಎಂದರೆ ಬರುವುದಿಲ್ಲ. ಅದಕ್ಕೇ ಹೂವಿನಾಕಾರದ ಈ ತೆಳು ಉಕ್ಕಿನ ಬಿಲ್ಲೆ. ಆರು ತೋಟಾಗಳನ್ನು ಕಚ್ಚಿ ಹಿಡಿಯುತ್ತದೆ. ಹೋದರೆ ಆರೂ ಒಟ್ಟಿಗೆ, ಬಂದರೆ ಆರೂ ಒಟ್ಟಿಗೆ, ಒಳ್ಳೆಯ ಕೂಡುಕುಟುಂಬ. ಆದರೆ ಬಿಲ್ಲೆ ಕೂದಲೆಳೆಯಷ್ಟು ಸೊಟ್ಟಗಾದರೂ ಸಿಲಿಂಡರ್ ತಿರುಗದೆ ಮುಷ್ಕರ ಹೂಡುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣದು.

ರಿವಾಲ್ವರ್ ಶೂಟಿಂಗ್ ತಂಡದ ಆಯ್ಕೆಗೆ ಅಂದೇ ಕೊನೆಯ ಸ್ಪರ್ಧೆ, ಉಳಿದದ್ದು ಒಂದೇ ಜಾಗ. ಕಣದಲ್ಲಿ ಉಳಿದವರು ಈ ಇಬ್ಬರು ಓರಗಿತ್ತಿಯರೇ. ಹಿರಿಯವಳ ಕಣ್ಣು ಮಂಜಾಗತೊಡಗಿತ್ತು. ಮುಂದಿನ ಸಲ ಎಂಬುದು ಅವಳ ಪಾಲಿಗಿರಲಿಲ್ಲ. ಅದು ಮನೆಯಲ್ಲಿ ಕಿರಿಯವಳೊಬ್ಬಳಿಗೇ ಗೊತ್ತಿತ್ತು. ಅಭ್ಯಾಸ ಮುಗಿದ ಮೇಲೆ ಇಬ್ಬರ ಬಿಲ್ಲೆಗಳಿಂದಲೂ ಖಾಲಿ ತೋಟಾ ಬಿಡಿಸಿ ಹೊಸದು ತುಂಬುವ ಕೆಲಸವೂ ಕಿರಿಯವಳದೇ, ಮನೆಯಲ್ಲಿ ಪಾತ್ರೆ ತಿಕ್ಕುವುದು ಇದ್ದ ಹಾಗೆ.

ಮೈದಾನದ ಬೆಂಚಿನ ಮೇಲೆ ಎರಡು ಡಬ್ಬಿಗಳು ಅಕ್ಕಪಕ್ಕ ಕೂತವು. ಬಣ್ಣ ಒಂದೇ, ಅಳತೆ ಒಂದೇ. ಸೊಸೆಯರಿಗೆ ಏನು ತಂದರೂ ಜೋಡಿ ತರುವುದು ಅತ್ತೆಯ ನಿಯಮ. ತಪ್ಪಿದರೆ ಮನೆಯಲ್ಲಿ ವಾರವಿಡೀ ಮೌನವ್ರತ.

ಹಿರಿಯವಳು ಕೂತಳು, ಎದ್ದಳು, ಮತ್ತೆ ಕೂತಳು.

"ಮುಳ್ಳಿದೆಯೇನೇ ಬೆಂಚಲ್ಲಿ?" ಎಂದರು ಸ್ಪರ್ಧೆ ನೋಡಲು ಜೊತೆಗೆ ಬಂದಿದ್ದ ಅತ್ತೆ.

"ಡಬ್ಬಿ ಹತ್ರಾನೇ ಇಟ್ಕೊಳ್ಳಿ ಅಕ್ಕ, ಕೈ ಬಿಡಬೇಡಿ" ಎಂದಳು ಕಿರಿಯವಳು.

"ಯಾಕೆ, ಅದಕ್ಕೇನು ಕಾಲು ಬಂದಿದ್ಯಾ?"

"ಹಂಗಲ್ಲ. ಇವತ್ತು ನೀವೇ ಗೆಲ್ಲೋದು. ನಂದೇನಿದ್ರೂ ನೀರು ಹೊರೋ ಕೆಲಸ."

"ಯಾರಾದ್ರೂ ಗೆಲ್ಲಲಿ," ಅತ್ತೆ ತೀರ್ಪು ಕೊಟ್ಟರು. "ಮೊದಲು ನನಗೆ ಆ ನೀರು ತಂದ್ಕೊಡು."

ಕಿರಿಯವಳು ನಲ್ಲಿಯ ಕಡೆ ಹೋದಳು. ಬೆಣ್ಣೆಯಂಥ ಮಾತು, ಹಿರಿಯವಳು ಅಂದುಕೊಂಡಳು, ಒಳಗೆ ಕತ್ತರಿ. ದೂರು ಕೊಡೋಣವೆಂದರೆ ಸಾಕ್ಷಿಯಿಲ್ಲ. ಸಿಲಿಂಡರಿಗೆ ಹಾಕಿ ತಿರುಗಿಸಿ ನೋಡೋಣವೆಂದರೆ, ಹೆಸರು ಕರೆಯುವ ತನಕ ಇಲ್ಲಿ ರಿವಾಲ್ವರ್ ಮುಟ್ಟುವಂತಿಲ್ಲ. ಅತ್ತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕನ್ನಡಕ ಮತ್ತೆ ಮೂಗಿಗೇರುವಷ್ಟರಲ್ಲಿ ಎಡಗಡೆಯ ಡಬ್ಬಿ ಬಲಕ್ಕೂ ಬಲಗಡೆಯದು ಎಡಕ್ಕೂ ಬಂದಿದ್ದವು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳಲಿ. ಅಂದು ಮೊದಲ ಬಾರಿಗೆ ಹಿರಿಯವಳು ನೆಮ್ಮದಿಯಾಗಿ ಉಸಿರಾಡಿದಳು.

ಮೊದಲು ಅವಳ ಹೆಸರನ್ನೇ ಕರೆದರು. ಬಿಲ್ಲೆ ಹಾಕಿದಳು, ಸಿಲಿಂಡರ್ ಮುಚ್ಚಿದಳು, ಗುರಿ ಹಿಡಿದಳು. ಒಂದು ಗುಂಡು ಹಾರಿತು. ಎರಡನೆಯದಕ್ಕೆ ಸಿಲಿಂಡರ್ ತಿರುಗಲಿಲ್ಲ, ಟ್ರಿಗರ್ ಜಗ್ಗಲಿಲ್ಲ. ಬಿಲ್ಲೆ ಕಿತ್ತೆಸೆದು ಇನ್ನೊಂದು ಹಾಕಿದಳು. ಅದೂ ಕಚ್ಚಿಕೊಂಡಿತು. ಮತ್ತೊಂದು. ಸೀಟಿ ಕೇಳಿಸಿತು, ವೇಳೆ ಮುಗಿದಿತ್ತು.

ಎಂಥ ಕಿಲಾಡಿ! ಡಬ್ಬಿ ಬದಲಿಸುತ್ತೇನೆಂಬುದನ್ನೂ ಊಹಿಸಿ ಎರಡನ್ನೂ ಕೆಡಿಸಿದ್ದಾಳೆ. ಹಾಗಾದರೆ ಅವಳದೂ ನಿಲ್ಲಬೇಕು. ನಿಲ್ಲಲಿ.

ಕಿರಿಯವಳದು ನಿಲ್ಲಲಿಲ್ಲ. ಬಿಲ್ಲೆಯ ಮೇಲೆ ಬಿಲ್ಲೆ, ಹೊಲಿಗೆ ಯಂತ್ರದ ಹಾಗೆ ಓಡಿತು. ಗೆದ್ದವಳ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಚಪ್ಪಾಳೆಯ ನಡುವೆ ಓಡಿ ಬಂದು ಹಿರಿಯವಳ ತೋಳು ಹಿಡಿದಳು.

"ಅಕ್ಕ, ನಿಮ್ಮದು ಹೆಂಗೆ ನಿಲ್ತು? ನಿನ್ನೆ ಪ್ಲೇಯರ್ ಹಾಕಿ ಖಾಲಿ ತೋಟಾ ಕೀಳೋಕೆ ಹೋಗಿ ನಿಮ್ಮ ಬಿಲ್ಲೆಗಳನ್ನೆಲ್ಲ ಸೊಟ್ಟ ಮಾಡ್ಬಿಟ್ಟಿದ್ದೆ. ಬೈತೀರ ಅಂತ ಬಾಯಿ ಬಿಡಲಿಲ್ಲ. ಬೆಳಿಗ್ಗೆ ನನ್ನ ಒಳ್ಳೇವನ್ನೆಲ್ಲ ನಿಮ್ಮ ಡಬ್ಬಿಗೆ ಹಾಕಿ, ಸೊಟ್ಟಗಿರೋವನ್ನ ನಾನಿಟ್ಕೊಂಡಿದ್ದೆ. ಅವು ಹೆಂಗೆ ಓಡಿದ್ವು?"

ತಂಡಕ್ಕೆ ಕಿರಿಯವಳು ಆಯ್ಕೆಯಾದಳು.